ಗ್ಲೇಜ್: ಕಾನೂನು ಕೊಡದ ‘ಬೇಡ’ವನ್ನು ಚಿತ್ರದೊಳಗೇ ಬರೆಯುವ ತಂತ್ರಾಂಶ

ಮೊದಲು ಬೆಲೆ. ಗ್ಲೇಜ್ ಪೂರ್ತಿ ಉಚಿತ. ಷಿಕಾಗೊ ವಿಶ್ವವಿದ್ಯಾಲಯದ ಸ್ಯಾಂಡ್ ಲ್ಯಾಬ್ 2023ರ ಮಾರ್ಚಿನಲ್ಲಿ ಇದನ್ನು ಬಿಡುಗಡೆ ಮಾಡಿತು. ಜಾಹೀರಾತಿಲ್ಲ, ತಿಂಗಳ ಚಂದಾ ಇಲ್ಲ. ಕೇಳುವುದು ಡಿಸ್ಕಿನಲ್ಲಿ ಕೆಲವು ಜಿಬಿ ಜಾಗ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಬೇಕಾದಷ್ಟು ತಾಳ್ಮೆ. ನಿಮ್ಮ ಚಿತ್ರವನ್ನು ತೆಗೆದುಕೊಂಡು ಪಿಕ್ಸೆಲ್‌ಗಳಲ್ಲಿ ಸಣ್ಣ ಸಣ್ಣ ಏರುಪೇರು ಮಾಡಿ ಹಿಂದಿರುಗಿಸುತ್ತದೆ. ನಮ್ಮ ಕಣ್ಣಿಗೆ ಚಿತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎಐ ಮಾಡೆಲ್ ಮಾತ್ರ ಅದರ ಶೈಲಿಯನ್ನು ಬೇರೇನೋ ಎಂದು ಓದಿಕೊಳ್ಳುತ್ತದೆ. ಇದ್ದಿಲಿನಲ್ಲಿ ಬಿಡಿಸಿದ ವಾಸ್ತವಶೈಲಿಯ ಮುಖಚಿತ್ರ ಅದಕ್ಕೆ ಬಣ್ಣ ಎರಚಿದ ಅಮೂರ್ತ ಕಲೆಯ ಹಾಗೆ ಕಾಣಬಹುದು. ‘ಇಂಥವರ ಶೈಲಿಯಲ್ಲಿ ಬಿಡಿಸು’ ಎಂದು ಯಾರಾದರೂ ಆ ಚಿತ್ರಗಳಿಂದ ಮಾಡೆಲ್ ಪಳಗಿಸಿದರೆ ಹೊರಬರುವುದು ನಿಮ್ಮ ಶೈಲಿಯಲ್ಲ, ಒಂದು ಕಲಸುಮೇಲೋಗರ.

ಮೂರು ವರ್ಷ ಹಳೆಯ ತಂತ್ರಾಂಶವನ್ನು ಈಗ ತೂಗಿ ನೋಡಲು ಕಾರಣವಿದೆ. ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ, ಅಂದರೆ ಡಿಪಿಐಐಟಿ, 2025ರ ಡಿಸೆಂಬರ್ 8ರಂದು ಎಐ ಮತ್ತು ಕೃತಿಸ್ವಾಮ್ಯದ ಬಗ್ಗೆ ಒಂದು ಕಾರ್ಯಪತ್ರ ಹೊರಡಿಸಿತು. ಅದರ ತಿರುಳು ಇಷ್ಟು: ಕಾನೂನುಬದ್ಧವಾಗಿ ಕೈಗೆ ಸಿಗುವ ಯಾವ ಕೃತಿಯನ್ನಾದರೂ ಎಐ ಕಂಪನಿಗಳು ತರಬೇತಿಗೆ ಬಳಸಬಹುದು, ಅದಕ್ಕೆ ಕಾನೂನೇ ಸಾರಾಸಗಟು ಪರವಾನಗಿ ಕೊಡುತ್ತದೆ, ಬದಲಿಗೆ ಕಂಪನಿಗಳು ವರಮಾನದಲ್ಲಿ ಇಷ್ಟು ಪಾಲು ಎಂದು ರಾಯಧನ ಕಟ್ಟಬೇಕು. ಹಣ ವಸೂಲಿಗೆ ‘ಸಿಆರ್‌ಸಿಎಟಿ’ ಎಂಬ ಒಂದೇ ಕೇಂದ್ರ ಸಂಸ್ಥೆ. ದರ ಗೊತ್ತುಮಾಡುವುದು ಸರ್ಕಾರ ನೇಮಿಸುವ ಸಮಿತಿ. ‘ನನ್ನ ಚಿತ್ರ ಬಳಸಬೇಡಿ’ ಎನ್ನುವ ಹಕ್ಕು ಕಲಾವಿದರಿಗಿಲ್ಲ. ಇದು ಕಾರ್ಯಪತ್ರ, ಕಾಯ್ದೆಯಲ್ಲ. ಆದರೂ ಚಿತ್ರಕಾರರ ಆತಂಕದ ಬೇರು ಇರುವುದು ಆ ಕೊನೆಯ ಮಾತಿನಲ್ಲೇ.

ಬ್ರಿಟನ್ನಿನಲ್ಲಿ 2024ರ ಡಿಸೆಂಬರಿನಲ್ಲಿ ಮುಂದಿಟ್ಟ ಪ್ರಸ್ತಾವದಲ್ಲಿ ‘ಬೇಡ’ ಎನ್ನಲು ಅವಕಾಶವಾದರೂ ಇತ್ತು. ಬಾಯಿಬಿಟ್ಟು ಬೇಡ ಎನ್ನದವರದೆಲ್ಲ ಬಳಸಬಹುದು ಎಂಬ ಏರ್ಪಾಟು. ಅಷ್ಟಕ್ಕೇ ಅಲ್ಲಿ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಸೇರಿ 2025ರ ಫೆಬ್ರುವರಿ 25ರಂದು ಖಾಲಿ ಸ್ಟುಡಿಯೋಗಳ ಸದ್ದನ್ನಷ್ಟೇ ತುಂಬಿದ ಮೌನದ ಆಲ್ಬಂ ಒಂದನ್ನು ಹೊರತಂದರು. ನಮ್ಮ ಕಾರ್ಯಪತ್ರದಲ್ಲಿ ಆ ಬಾಗಿಲೂ ಇಲ್ಲ. ಕಾನೂನಿನಲ್ಲಿ ‘ಬೇಡ’ ಇಲ್ಲದಿದ್ದರೆ ಪಿಕ್ಸೆಲ್ಲಿನಲ್ಲಾದರೂ ಇರಲಿ ಎನ್ನುವವರು ಗ್ಲೇಜ್ ಕಡೆ ತಿರುಗುವುದು ಸಹಜ. ಆ ಕೆಲಸ ಇದರ ಕೈಲಾಗುತ್ತದೆಯೇ? ಅರ್ಧ ಆಗುತ್ತದೆ. ಯಾವ ಅರ್ಧ ಎಂಬುದನ್ನು ತಿಳಿಯದೆ ಬಳಸಿದರೆ ಕರೆಂಟು ದಂಡ.

ಹಾಕಿಕೊಳ್ಳುವುದು

ಗ್ಲೇಜ್ ವಿಂಡೋಸ್ 10, 11 ಮತ್ತು ಮ್ಯಾಕ್‌ನಲ್ಲಿ ಓಡುತ್ತದೆ. ವಿಂಡೋಸಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ, ಇಲ್ಲದವರಿಗೆ ಎಂದು ಎರಡು ಬೇರೆ ಆವೃತ್ತಿಗಳಿವೆ. ಸರಿಯಾದದ್ದನ್ನೇ ಇಳಿಸಿಕೊಳ್ಳಿ. ಮೊದಲ ಸಲ ತೆರೆದಾಗ ಬೇಕಾದ ಕಡತಗಳನ್ನು ಅದೇ ಇಳಿಸಿಕೊಳ್ಳುತ್ತದೆ. ಇವು ದೊಡ್ಡವು, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತರೆ ದಿನದ ಡೇಟಾ ಮುಗಿಯುತ್ತದೆ, ಕಡತ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ. ಆಮೇಲಿನ ಕೆಲಸವೆಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ, ಚಿತ್ರ ಹೊರಗೆ ಹೋಗುವುದಿಲ್ಲ.

ಇಲ್ಲಿ ತುಂಬ ಜನ ಎಡವುವ ಒಂದು ಕಲ್ಲಿದೆ. ಎನ್‌ವಿಡಿಯಾ ಜಿಟಿಎಕ್ಸ್ 1650 ಮತ್ತು 1660 ಕಾರ್ಡುಗಳಲ್ಲಿ ಗ್ಲೇಜ್ ಸರಿಯಾಗಿ ಓಡುವುದಿಲ್ಲ. ಅದರಡಿ ಕೆಲಸ ಮಾಡುವ ಪೈಟಾರ್ಚ್ ಎಂಬ ತಂತ್ರಾಂಶಕ್ಕೂ ಈ ಕಾರ್ಡುಗಳಿಗೂ ಹೊಂದಿಕೆಯಾಗದ ದೋಷವೊಂದಿದೆ ಎಂದು ತಯಾರಕರೇ ಹೇಳಿದ್ದಾರೆ. ನಮ್ಮಲ್ಲಿ ಅಗ್ಗದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ 1650 ಧಾರಾಳವಾಗಿ ಬಂದಿತ್ತು. ಅಂಥ ಯಂತ್ರವಿದ್ದರೆ ಸೆಟ್ಟಿಂಗ್ ಬದಲಿಸುತ್ತ ಸಂಜೆ ಕಳೆಯಬೇಡಿ, ನೇರವಾಗಿ ಗ್ರಾಫಿಕ್ಸ್ ಕಾರ್ಡ್ ಬೇಡದ ಆವೃತ್ತಿಗೆ ಹೋಗಿ. ನಿಧಾನ, ಆದರೆ ಕೆಲಸ ಮುಗಿಸುತ್ತದೆ.

ಎಷ್ಟು ನಿಧಾನ ಎಂದರೆ, ಒಳ್ಳೆಯ ಕಾರ್ಡಿನಲ್ಲಿ ಕೆಲವೇ ನಿಮಿಷಕ್ಕೆ ಮುಗಿಯುವ ಚಿತ್ರಕ್ಕೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ನಿಮಿಷದಿಂದ ಒಂದು ಗಂಟೆ, ಹಳೆಯ ಯಂತ್ರವಾದರೆ ಇನ್ನೂ ಹೆಚ್ಚು. ರಾತ್ರಿ ಸಾಲಾಗಿ ಹತ್ತು ಚಿತ್ರ ಕೊಟ್ಟು ಮಲಗುವುದು ಸುಲಭದ ದಾರಿ. ಯಂತ್ರವನ್ನು ಹಾಸಿಗೆಯ ಮೇಲಿಡಬೇಡಿ, ಗಾಳಿಯಾಡದೆ ಬಿಸಿಯಾಗಿ ವೇಗ ಇನ್ನೂ ಕುಸಿಯುತ್ತದೆ. ಸ್ಲೀಪ್ ಮೋಡ್ ತೆಗೆದಿಡಿ; ಬೆಳಿಗ್ಗೆ ಎದ್ದು ನೋಡಿದರೆ ಎರಡನೇ ಚಿತ್ರಕ್ಕೇ ನಿದ್ದೆ ಹೋಗಿರುತ್ತದೆ.

ಯಂತ್ರವೇ ಇಲ್ಲದವರಿಗೆ ವೆಬ್‌ಗ್ಲೇಜ್ ಇದೆ. ಫೋನಿನ ಬ್ರೌಸರಿನಲ್ಲೇ ಚಿತ್ರ ಏರಿಸಿದರೆ ಅವರ ಸರ್ವರಿನಲ್ಲಿ ಕೆಲಸ ನಡೆದು ಫಲಿತಾಂಶ ಮೇಲ್‌ಗೆ ಬರುತ್ತದೆ. ಅದಕ್ಕೂ ದುಡ್ಡಿಲ್ಲ. ಆದರೆ ಆಹ್ವಾನ ಬೇಕು. ಕಲಾವಿದರೆಂದು ತೋರಿಸುವ ನಿಮ್ಮ ಪುಟದ ಜೊತೆ ತಂಡಕ್ಕೆ ಬರೆದು ಕೇಳಬೇಕು. ಟ್ಯಾಬ್ಲೆಟ್ಟಿನಲ್ಲೇ ಚಿತ್ರ ಬಿಡಿಸಿ ಮುಗಿಸುವ ಹೊಸ ಪೀಳಿಗೆಗೆ ಇದೇ ಸರಿ.

ಬಳಸುವ ಕ್ರಮ, ಮತ್ತು ಕ್ರಮ ತಪ್ಪಿದರೆ

ಚಿತ್ರ ಪೂರ್ತಿ ಮುಗಿದಿರಬೇಕು. ಸಹಿ, ವಾಟರ್‌ಮಾರ್ಕ್, ಬಣ್ಣದ ತಿದ್ದುಪಡಿ ಎಲ್ಲ ಆದ ಮೇಲೆ ಗ್ಲೇಜ್ ಕಡೆಯ ಕೆಲಸ. ಆಮೇಲೆ ಬ್ರೈಟ್‌ನೆಸ್ ಏರಿಸಿದರೂ ಫಿಲ್ಟರ್ ಹಾಕಿದರೂ ಅದು ಲೆಕ್ಕ ಹಾಕಿ ಇಟ್ಟ ಏರುಪೇರು ಕದಡುತ್ತದೆ. ಮೊದಲು ಚಿತ್ರವನ್ನು ಜಾಲತಾಣಕ್ಕೆ ಬೇಕಾದ ಅಳತೆಗೆ ಇಳಿಸಿಕೊಳ್ಳಿ. ಉದ್ದದ ಬದಿ 1500ರಿಂದ 2000 ಪಿಕ್ಸೆಲ್ ಸಾಕು. ಮುದ್ರಣಕ್ಕೆ ಸ್ಕ್ಯಾನ್ ಮಾಡಿದ 6000 ಪಿಕ್ಸೆಲ್ಲಿನ ಕಡತ ಕೊಟ್ಟರೆ ಮೆಮೊರಿ ಸಾಲದೆ ನಿಲ್ಲಬಹುದು, ಓಡಿದರೂ ಆಮೇಲೆ ಚಿಕ್ಕದು ಮಾಡುವಾಗ ರಕ್ಷಣೆ ಸವೆಯುತ್ತದೆ. ಪಿಎನ್‌ಜಿಯಾಗಿ ಉಳಿಸಿ, ಗ್ಲೇಜ್‌ನಲ್ಲಿ ತೆರೆದು, ತೀವ್ರತೆ (ಏರುಪೇರು ಎಷ್ಟು ಗಾಢ) ಮತ್ತು ರೆಂಡರ್ ಗುಣಮಟ್ಟ (ಎಷ್ಟು ಹೊತ್ತು ಲೆಕ್ಕ ಹಾಕಬೇಕು) ಎರಡನ್ನೂ ಆರಿಸಿ, ಬೇರೆ ಫೋಲ್ಡರಿಗೆ ಹೊರತೆಗೆಯಿರಿ. ಗುಣಮಟ್ಟದಲ್ಲಿ ಜಿಪುಣತನ ಬೇಡ: ಅವಸರದ ಆಯ್ಕೆಯಲ್ಲಿ ರಕ್ಷಣೆಯೂ ತೆಳು. ತೀವ್ರತೆಯಲ್ಲಿ ಮಾತ್ರ ಚಿತ್ರ ನೋಡಿ ಚೌಕಾಸಿ ಮಾಡಿ.

ಆ ಚೌಕಾಸಿಯಲ್ಲೇ ನಮ್ಮ ನಾಡಿನ ಕಲೆಗೆ ಕಷ್ಟ. ಎಣ್ಣೆವರ್ಣದ ದಪ್ಪ ಕುಂಚದೆಳೆತ, ಒರಟು ಕ್ಯಾನ್ವಾಸ್, ಗಿಡಮರಗಳ ಗದ್ದಲ ಇದ್ದರೆ ಗ್ಲೇಜಿನ ಗೀಚು ಅದರಲ್ಲೇ ಕರಗಿಹೋಗುತ್ತದೆ. ಮೈಸೂರು ಶೈಲಿಯ ಚಿತ್ರದಲ್ಲಿ ಉಬ್ಬುಕೆಲಸ, ಚಿನ್ನದ ರೇಕು, ಒಡವೆಯ ಕುಸುರಿ ಇರುವೆಡೆ ಏನೂ ತಿಳಿಯುವುದಿಲ್ಲ. ಅದೇ ಚಿತ್ರದ ದೇವಿಯ ಕೆನ್ನೆ, ಹಿಂದಿನ ನುಣುಪಾದ ಹಸಿರು ಅಥವಾ ನೀಲಿ ಬಯಲು ನೋಡಿ. ಅಲ್ಲಿ ನೀರಿನ ಕಲೆಯಂತೆ ಸುರುಳಿ ಸುರುಳಿ ಮಚ್ಚೆ. ದೀವರ ಚಿತ್ತಾರದಲ್ಲಿ ಕೆಮ್ಮಣ್ಣಿನ ಸಮತಟ್ಟು ನೆಲದ ಮೇಲೆ ಬಿಳಿಯ ಸಣ್ಣ ಗೆರೆ. ಆ ಕೆಂಪಿನ ತುಂಬ ಮೋಡ ಕವಿದಂತಾಗುತ್ತದೆ. ವ್ಯಂಗ್ಯಚಿತ್ರದ್ದು ಇನ್ನೂ ಕಷ್ಟ. ಬಿಳಿ ಹಾಳೆಯಲ್ಲಿ ಕಪ್ಪು ಗೆರೆ ಬಿಟ್ಟರೆ ಮುಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ, ಹಾಳೆ ಕೊಳೆಯಾದಂತೆ ಕಾಣುತ್ತದೆ. ಮೂರು ವರ್ಷದಲ್ಲಿ ಹೊಸ ಆವೃತ್ತಿಗಳು ಇದನ್ನು ಸಾಕಷ್ಟು ತಗ್ಗಿಸಿವೆ, ಪೂರ್ತಿ ಹೋಗಿಲ್ಲ. ತೀವ್ರತೆ ಇಳಿಸಿದರೆ ಮಚ್ಚೆ ತಗ್ಗುತ್ತದೆ, ರಕ್ಷಣೆಯೂ ತಗ್ಗುತ್ತದೆ. ಒಂದು ಉಪಾಯವಿದೆ. ಗ್ಲೇಜ್ ಮಾಡುವ ಮುಂಚೆ ನುಣುಪು ಜಾಗಕ್ಕೆ ಕಾಗದದ ಅಥವಾ ಗೋಡೆಯ ತೆಳುವಾದ ತರಿತರಿ (ಟೆಕ್ಸ್ಚರ್) ಸೇರಿಸಿದರೆ ಮಚ್ಚೆ ಅದರಲ್ಲಿ ಬೆರೆಯುತ್ತದೆ. ಚಿತ್ತಾರಕ್ಕೆ ಇದು ಒಪ್ಪುತ್ತದೆ, ಮೂಲವೇ ಮಣ್ಣುಗೋಡೆ ತಾನೆ. ವ್ಯಂಗ್ಯಚಿತ್ರಕ್ಕೆ ಒಪ್ಪುವುದಿಲ್ಲ.

ಇನ್ನೊಂದು ವಿಚಿತ್ರವೂ ಇದೆ. ಆ ಸುರುಳಿ ಮಚ್ಚೆಯನ್ನು ಕಂಡ ಗಿರಾಕಿಗೆ ಚಿತ್ರವೇ ಎಐ ಬಿಡಿಸಿದ್ದಿರಬೇಕು ಎಂಬ ಅನುಮಾನ ಬರುವುದುಂಟು. ಅದಕ್ಕೇ ಗಿರಾಕಿಗೆ, ಪತ್ರಿಕೆಗೆ, ಮುದ್ರಣಾಲಯಕ್ಕೆ ಕಳಿಸುವುದು ಮೂಲ ಕಡತವನ್ನೇ. ಗ್ಲೇಜ್ ಆದದ್ದು ಜಾಲತಾಣಕ್ಕೆ ಮಾತ್ರ. ಎರಡೂ ಒಂದೇ ಫೋಲ್ಡರಿನಲ್ಲಿದ್ದರೆ ಒಂದಲ್ಲ ಒಂದು ದಿನ ಅದಲುಬದಲಾಗುತ್ತದೆ.

ಹಾಕಿದ ಮೇಲೆ ಸಾಮಾಜಿಕ ಜಾಲತಾಣಗಳು ಮತ್ತೆ ಹಿಂಡುತ್ತವೆ. ಸಾಧಾರಣ ಜೆಪಿಜಿ ಹಿಂಡಿಕೆಯನ್ನು ಗ್ಲೇಜ್ ತಡೆದುಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿ, ಅದನ್ನು ಇಳಿಸಿಕೊಂಡು ಫೇಸ್‌ಬುಕ್ಕಿಗೆ ಹಾಕಿ, ಅಲ್ಲಿಂದ ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದರೆ ಎಷ್ಟು ಉಳಿಯಿತು ಎಂದು ಯಾರೂ ಖಾತ್ರಿ ಕೊಡಲಾರರು. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಗೋಡೆಗೆ ನೇತುಹಾಕಿದ ಮೂಲಕ್ಕೆ ಗ್ಲೇಜ್ ಇಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನಿಮ್ಮ ಮಳಿಗೆ ಮುಂದೆ ನಿಂತು ಫೋನಿನಲ್ಲಿ ಸೆರೆಹಿಡಿದ ಫೋಟೋ ಯಾವ ರಕ್ಷಣೆಯೂ ಇಲ್ಲದ ನೇರ ಪ್ರತಿ.

ಕೆಲಸ ಮಾಡುತ್ತದೆಯೇ?

ತಯಾರಕರು ಸಾವಿರಕ್ಕೂ ಹೆಚ್ಚು ಕಲಾವಿದರನ್ನು ಕೇಳಿ ನಡೆಸಿದ ಪರೀಕ್ಷೆಯ ಪ್ರಕಾರ ಸಾಮಾನ್ಯ ಸ್ಥಿತಿಯಲ್ಲಿ ಶೇ 92ಕ್ಕೂ ಹೆಚ್ಚು, ಎದುರಾಳಿ ಪ್ರತಿತಂತ್ರ ಹೂಡಿದಾಗ ಶೇ 85ಕ್ಕೂ ಹೆಚ್ಚು ಸಲ ಶೈಲಿಯ ನಕಲು ಕೆಟ್ಟಿತು. ಅದು 2023ರ ಮಾತು. 2024ರಲ್ಲಿ ಬೇರೊಂದು ಸಂಶೋಧಕರ ತಂಡ, ಗ್ಲೇಜ್ ಆದ ಚಿತ್ರಕ್ಕೆ ಒಂದಿಷ್ಟು ಚುಕ್ಕಿಚುಕ್ಕಿ ಗದ್ದಲ (ನಾಯ್ಸ್) ಬೆರೆಸಿ, ಚಿತ್ರ ಹಿಗ್ಗಿಸಲು ಎಲ್ಲರಿಗೂ ಸಿಗುವಂಥ ಅಪ್‌ಸ್ಕೇಲರಿನಲ್ಲಿ ಹಾಯಿಸಿದರೆ ರಕ್ಷಣೆ ಬಹುಮಟ್ಟಿಗೆ ತೊಳೆದುಹೋಗುತ್ತದೆ ಎಂದು ತೋರಿಸಿತು. ಗ್ಲೇಜ್ ತಂಡ 2.1ನೇ ಆವೃತ್ತಿಯಲ್ಲಿ ಅದಕ್ಕೆ ಒಂದಷ್ಟು ತಡೆ ಸೇರಿಸಿತು. 2025ರಲ್ಲಿ ಲೈಟ್‌ಶೆಡ್ ಎಂಬ ಪ್ರಯೋಗ ಇದೇ ಲ್ಯಾಬಿನ ಇನ್ನೊಂದು ತಂತ್ರಾಂಶವಾದ ನೈಟ್‌ಶೇಡ್ ಹಾಕಿದ ಚಿತ್ರಗಳನ್ನು ಶೇ 99.98ರಷ್ಟು ನಿಖರವಾಗಿ ಗುರುತಿಸಿ ಅಳಿಸಬಲ್ಲೆ ಎಂದಿತು. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ. ಇಂದು ಗ್ಲೇಜ್ ಮಾಡಿ ಹಾಕಿದ ಚಿತ್ರ ಜಾಲದಲ್ಲಿ ಹತ್ತು ವರ್ಷ ಇರುತ್ತದೆ. ಅದನ್ನು ಒಡೆಯುವವರಿಗೂ ಹತ್ತು ವರ್ಷ ಪುರುಸೊತ್ತು. ಇದು ಶಾಶ್ವತವಲ್ಲ ಎಂದು ತಯಾರಕರೇ ತಮ್ಮ ಪುಟದಲ್ಲಿ ಬರೆದುಕೊಂಡಿದ್ದಾರೆ, ಆ ಪ್ರಾಮಾಣಿಕತೆಗೆ ಒಂದು ಅಂಕ ಹೆಚ್ಚು.

ಹಳೆಯ ಚಿತ್ರಗಳ ಗತಿ? ಒಬ್ಬರ ಶೈಲಿಗೆ ಮಾಡೆಲ್ ಪಳಗಿಸಲು ಹತ್ತಿಪ್ಪತ್ತು ಒಳ್ಳೆಯ ಚಿತ್ರ ಸಾಕು. ಐದು ವರ್ಷದಿಂದ ಇನ್ನೂರು ಚಿತ್ರ ಹಾಗೇ ತೆರೆದಿಟ್ಟವರು ಇಂದು ಇನ್ನೂರ ಒಂದನೆಯದಕ್ಕೆ ಗ್ಲೇಜ್ ಹಚ್ಚಿದರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆಗಬೇಕಾದ ಕೆಲಸ ಬೇರೆ: ಹಳೆಯವುಗಳಲ್ಲಿ ಗುರುತಾಗಿ ನಿಮ್ಮದೆನಿಸುವ ಮೂವತ್ತು ಆರಿಸಿ, ದೊಡ್ಡ ಅಳತೆಯವನ್ನು ತೆಗೆದು, ಚಿಕ್ಕ ಅಳತೆಯ ಗ್ಲೇಜ್ ಪ್ರತಿ ಮತ್ತೆ ಹಾಕುವುದು. ಹೋದದ್ದು ಬರುವುದಿಲ್ಲ, ಹೊಸದಾಗಿ ಹುಡುಕಿ ಬರುವವನಿಗೆ ಸುಲಭದ ತುತ್ತಾದರೂ ತಪ್ಪುತ್ತದೆ.

ನೈಟ್‌ಶೇಡ್ ಬಗ್ಗೆ ಎರಡು ಮಾತು. ಗ್ಲೇಜ್ ಗುರಾಣಿಯಾದರೆ ಇದು ವಿಷ. 2024ರ ಜನವರಿಯಲ್ಲಿ ಬಂತು. ಹಸುವಿನ ಚಿತ್ರವನ್ನು ಮಾಡೆಲ್ ಚರ್ಮದ ಪರ್ಸ್ ಎಂದು ಕಲಿಯುವಂತೆ ಮಾಡುತ್ತದೆ. ಇಂಥವು ಸಾಕಷ್ಟು ಸೇರಿದರೆ ಮಾಡೆಲ್ಲಿನ ‘ಹಸು’ವೇ ಕೆಡುತ್ತದೆ. ಎರಡನ್ನೂ ಬಳಸುವವರು ಮೊದಲು ನೈಟ್‌ಶೇಡ್, ಆಮೇಲೆ ಗ್ಲೇಜ್ ಎಂಬ ಕ್ರಮ ತಪ್ಪಬಾರದು. ಚಿತ್ರದಲ್ಲಿರುವುದನ್ನು ಒಂದು ಪದದಲ್ಲಿ ಹೇಳುವ ಟ್ಯಾಗ್ ಸರಿಯಿದೆಯೇ ನೋಡಿ. ಯಕ್ಷಗಾನದ ವೇಷಕ್ಕೋ ತೊಗಲುಗೊಂಬೆಗೋ ಅದು ತಾನಾಗಿ ಕೊಡುವ ಪದವನ್ನು ಕಣ್ಣುಮುಚ್ಚಿ ಒಪ್ಪಬೇಡಿ.

ಈಗ ಕಾನೂನಿನ ಕಡೆಯಿಂದ ನೋಡಿ

ಶೈಲಿಗೆ ಕೃತಿಸ್ವಾಮ್ಯ ಯಾವ ಕಾಲಕ್ಕೂ ಇರಲಿಲ್ಲ. ವಿಚಾರಕ್ಕಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಮಾತ್ರ ರಕ್ಷಣೆ ಎಂದು ಸುಪ್ರೀಂ ಕೋರ್ಟ್ 1978ರ ಆರ್. ಜಿ. ಆನಂದ್ ಪ್ರಕರಣದಲ್ಲೇ ಹೇಳಿಯಾಗಿದೆ. ಯಾರೋ ನಿಮ್ಮ ಇಪ್ಪತ್ತು ಚಿತ್ರ ತೆಗೆದು ನಿಮ್ಮದೇ ಕೈಬರಹದಂಥ ಹೊಸ ಚಿತ್ರ ತೆಗೆಸಿದರೆ, ಹೊರಬಂದ ಚಿತ್ರ ನಿಮ್ಮ ಯಾವ ಒಂದು ಕೃತಿಯ ನಕಲೂ ಆಗಿರದಿದ್ದರೆ, ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಕಾನೂನು ಎಂದೂ ಕಾಯದ ಈ ಜಾಗವನ್ನು ಗ್ಲೇಜ್ ಕಾಯುತ್ತದೆ. ಅದರ ನಿಜವಾದ ಬೆಲೆ ಇಲ್ಲಿ.

ಡಿಪಿಐಐಟಿ ಪ್ರಸ್ತಾವ ತೆರೆಯುವುದು ಬೇರೆ ಬಾಗಿಲು. ಅದು ಒಬ್ಬ ಕಲಾವಿದರ ಇಪ್ಪತ್ತು ಚಿತ್ರದ ಮಾತಲ್ಲ, ಕೋಟಿಗಟ್ಟಲೆ ಚಿತ್ರಗಳ ಮೂಲ ತರಬೇತಿಯದು. ಅಲ್ಲಿ ನಿಮ್ಮ ಗ್ಲೇಜ್ ಆದ ಮೂವತ್ತು ಚಿತ್ರ ಸಮುದ್ರಕ್ಕೆ ಸೇರಿದ ಉಪ್ಪು. ಗ್ಲೇಜ್ ಚಿಲ್ಲರೆ ಕಳ್ಳನಿಗೆ ಬೀಗ. ಸಗಟು ಪರವಾನಗಿ ಹಿಡಿದು ಬಂದವನಿಗೆ ಅಲ್ಲ.

ಇನ್ನೊಂದು ಸೂಕ್ಷ್ಮವಿದೆ. ಈಗಿನ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮಿನಡಿ, ಹಕ್ಕು ಕಾಯಲು ಹಾಕಿದ ತಾಂತ್ರಿಕ ತಡೆಯನ್ನು ಮುರಿಯುವುದು ಅಪರಾಧ, ಎರಡು ವರ್ಷದವರೆಗೆ ಸಜೆ. ಆದರೆ ಮುರಿದದ್ದು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಆಗಿರಬೇಕು ಎಂಬ ಷರತ್ತಿದೆ. ಗ್ಲೇಜ್ ಅಂಥ ‘ತಡೆ’ಯೇ ಎಂಬುದು ವಾದದ ವಿಷಯ. ಹೌದೆಂದೇ ಇಟ್ಟುಕೊಳ್ಳಿ. ತರಬೇತಿಗೆ ಕಾನೂನೇ ಪರವಾನಗಿ ಕೊಟ್ಟ ಮೇಲೆ ಉಲ್ಲಂಘನೆಯೇ ಇಲ್ಲ; ಉಲ್ಲಂಘನೆ ಇಲ್ಲದ ಮೇಲೆ ಗ್ಲೇಜ್ ತೊಳೆದವನ ಮೇಲೆ ಈ ಕಲಮು ಹಾಕುವುದು ಹೇಗೆ? ಪ್ರಸ್ತಾವದ ಬಗ್ಗೆ ಕಲಾವಿದರು ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಮೊದಲಿನದು: ಕಲಾವಿದರೇ ಹಾಕಿಕೊಂಡ ರಕ್ಷಣೆಯನ್ನು ತೆಗೆಯಬಾರದು ಎಂಬ ಮಾತು ಪರವಾನಗಿಯ ಷರತ್ತಿನಲ್ಲೇ ಬರಬೇಕು.

ಹಣದ ದಾರಿಯಲ್ಲೂ ಚಿತ್ರಕಾರರು ಕೊನೆಯ ಸಾಲಿನವರು. ರಾಯಧನ ಹಂಚುವುದು ಸದಸ್ಯ ಸಂಘಗಳ ಮೂಲಕ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನ ಸಂಗ್ರಹಿಸಿ ಹಂಚುವ ಸಂಘವಾಗಿ 1969ರಿಂದ ಐಪಿಆರ್‌ಎಸ್ ಇದೆ. ಚಿತ್ರಕಾರರಿಗೆ ಅಂಥ ಬಲದ ಸಂಘವಿಲ್ಲ. 2012ರ ತಿದ್ದುಪಡಿ, ಸಿನಿಮಾ ಮತ್ತು ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ, ಸಂಗೀತದ ಕರ್ತೃಗಳು ತಮ್ಮ ರಾಯಧನದ ಹಕ್ಕನ್ನು ಬರೆದುಕೊಟ್ಟರೂ ಅದು ಹೋಗದಂತೆ ಕಾಪಾಡಿತು. ಆ ಸಾಲಿನಲ್ಲಿ ಚಿತ್ರಕಾರರ ಹೆಸರಿಲ್ಲ. ಮುಖಪುಟಕ್ಕೋ ಪಠ್ಯಪುಸ್ತಕಕ್ಕೋ ‘ಎಲ್ಲ ಹಕ್ಕು ಪ್ರಕಾಶಕರದು’ ಎಂದು ಸಹಿ ಹಾಕಿದ್ದರೆ ಎಐ ರಾಯಧನ ಬಂದರೂ ಪ್ರಕಾಶಕರ ಮನೆಗೇ ಬರುತ್ತದೆ. ಹೊಸ ಕರಾರಿನಲ್ಲಿ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ ಎಂದು ಬರೆಸಿ. 19ನೇ ಕಲಮಿನ ಪ್ರಕಾರ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಇವುಗಳ ಜೊತೆಗೆ ‘ಎಐ ತರಬೇತಿಯ ರಾಯಧನ ಕಲಾವಿದರದು’ ಎಂಬ ಒಂದು ಸಾಲು ಸೇರಿಸಿ.

ಚಿತ್ರ ನಿಮ್ಮದೆಂಬುದಕ್ಕೆ ಗ್ಲೇಜ್ ಸಾಕ್ಷಿ ಕೊಡುವುದಿಲ್ಲ, ಅದಕ್ಕೆ ಕೃತಿಸ್ವಾಮ್ಯ ಕಚೇರಿಯ ನೋಂದಣಿಯೇ ಬೇಕು. ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ, ಆದರೆ 48ನೇ ಕಲಮಿನಂತೆ ರಿಜಿಸ್ಟರಿನ ನಮೂದು ಮೇಲ್ನೋಟದ ಸಾಕ್ಷ್ಯ. ಫಾರಂ 14, ಒಂದು ಕಲಾಕೃತಿಗೆ 500 ರೂಪಾಯಿ. ಲೇಬಲ್, ಪ್ಯಾಕೆಟ್ಟಿನಂಥ ಸರಕಿಗೆ ಬಳಸುವ ಚಿತ್ರವಾದರೆ 2000 ರೂಪಾಯಿ ಮತ್ತು ಟ್ರೇಡ್‌ಮಾರ್ಕ್ ಕಚೇರಿಯ ಪ್ರಮಾಣಪತ್ರ. ಅರ್ಜಿಗೆ ಡೈರಿ ಸಂಖ್ಯೆ ಬಂದ ಮೇಲೆ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ. ಅಲ್ಲಿಗೆ ಏರಿಸುವುದು ಮೂಲ ಕಡತ, ಗ್ಲೇಜ್ ಆದದ್ದಲ್ಲ. ಇನ್ನೂರು ಚಿತ್ರಕ್ಕೆ ಒಂದು ಲಕ್ಷ ಸುರಿಯಬೇಕಿಲ್ಲ. ಹೆಚ್ಚು ಕದಿಯಲ್ಪಡುವ ಐದಾರು ಸಾಕು. ಉಳಿದವಕ್ಕೆ ಹಂತಹಂತದ ಕರಡು, ಪದರಗಳಿರುವ ಕಡತ, ತಾರೀಖು ಕಾಣುವ ಮೇಲ್ ಇಟ್ಟುಕೊಳ್ಳಿ.

ಯಾರಿಗೆ ಸರಿ ಎಂದರೆ: ಗುರುತಿಸಬಲ್ಲ ಶೈಲಿಯಿಂದಲೇ ಕೆಲಸ ಸಿಗುವ ಚಿತ್ರಕಾರರಿಗೆ, ದಟ್ಟ ಬಣ್ಣ ಬಳಸುವವರಿಗೆ, ಈಗಷ್ಟೇ ಚಿತ್ರ ಹಾಕಲು ಶುರುಮಾಡಿದವರಿಗೆ ಐದಕ್ಕೆ ನಾಲ್ಕು. ಮೈಸೂರು ಶೈಲಿ, ಚಿತ್ತಾರದವರಿಗೆ ಕಡಿಮೆ ತೀವ್ರತೆಯಲ್ಲಿ ಮೂರು. ವ್ಯಂಗ್ಯಚಿತ್ರಕಾರರಿಗೆ ಒಂದೂವರೆ, ಅವರು ಚಿಕ್ಕ ಅಳತೆಯ ಪ್ರತಿ ಹಾಕಿದರೆ ಅದೇ ಹೆಚ್ಚು ಪ್ರಯೋಜನ. ಫೋಟೋ ತೆಗೆಯುವವರಿಗೆ ಇದು ಮಾಡಿದ್ದೇ ಅಲ್ಲ. ಸ್ವಂತ ಜಾಲತಾಣ ಇರುವವರು ಗ್ಲೇಜಿನ ಜೊತೆಗೆ ಬಾಚಿಕೊಳ್ಳಲು ಬರುವ ಬಾಟ್‌ಗಳಿಗೆ ಸೂಚನೆ ಕೊಡುವ ರೋಬೋಟ್ಸ್ ಕಡತದಲ್ಲಿ (robots.txt) ಎಐ ತರಬೇತಿಗೆ ಸಂಬಂಧಿಸಿದ ಜಿಪಿಟಿಬಾಟ್, ಸಿಸಿಬಾಟ್, ಗೂಗಲ್-ಎಕ್ಸ್‌ಟೆಂಡೆಡ್ ಹೆಸರುಗಳ ಮುಂದೆ ‘ಡಿಸ್‌ಅಲೋ’ ಬರೆದಿಡಿ. ಗೂಗಲ್‌ಬಾಟ್ ಹೆಸರನ್ನು ಮಾತ್ರ ಮುಟ್ಟಬೇಡಿ, ಹುಡುಕಾಟದಲ್ಲೂ ಮಾಯವಾಗುತ್ತೀರಿ.